ಇಪ್ಪತ್ತೆಂಟು ಹಲ್ಲು

ಮೂಡಲಪಾಳ್ಯದ ನಮ್ಮ ಪಿಜಿಯಲ್ಲಿ ಮಳೆ ಬಂದರೆ ಮೊದಲು ಹೋಗುವುದು ಕರೆಂಟು, ಆಮೇಲೆ ವೈಫೈ, ಕೊನೆಗೆ ಮಾನ. ಮಾನ ಯಾಕೆಂದರೆ ತಾರಸಿಯಲ್ಲಿ ಒಣಹಾಕಿದ ನಮ್ಮ ಬಟ್ಟೆಗಳು ಹಾರಿಹೋಗಿ ಎದುರುಮನೆಯ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿರುತ್ತವೆ. ಆ ದಿನ ಸಂಜೆ ಆರು ಗಂಟೆಗೇ ಮೂರೂ ಹೋದವು. ಹಬ್ಬದ ರಜೆಗೆ ಎಲ್ಲರೂ ಊರಿಗೆ ಹೋಗಿದ್ದರು. ಇಡೀ ಕಟ್ಟಡದಲ್ಲಿ ಉಳಿದವರು ನಾನು, ನನ್ನ ರೂಮ್‌ಮೇಟ್ ಶೈಲಾ, ಅಡುಗೆಯ ಅಕ್ಕವ್ವ, ಮತ್ತು ಕೆಳಗೆ ಸಂಪಿನ ಪಕ್ಕದ ಕೋಣೆಯಲ್ಲಿರುವ ವಾಚ್‌ಮನ್ ಕೆಂಪಯ್ಯ ತಾತ.

ಫೋನಿನ ಟಾರ್ಚ್ ಹಿಡಿದು ನಾವಿಬ್ಬರೂ ಕೆಳಗೆ ಪಾರ್ಕಿಂಗಿಗೆ ಬಂದೆವು. ಅಕ್ಕವ್ವ ಚಾರ್ಜಿಂಗ್ ಲೈಟು ಮುಂದಿಟ್ಟುಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವಳು ಕೊಪ್ಪಳದ ಕಡೆಯವಳು. ಅವಳ ತಮ್ಮ ದ್ಯಾಮಪ್ಪ ಇಲ್ಲಿ ಗಾರೆ ಕೆಲಸಕ್ಕಿದ್ದ. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವನು ವಾಪಸ್ ಬರಲಿಲ್ಲ. ಹುಡುಕಲು ಬಂದ ಅಕ್ಕ ಇಲ್ಲೇ ಉಳಿದಳು. ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ಅವನ ಫೋಟೊ ಅಂಟಿಸಿದ್ದಾಳೆ. ದಿನಾ ಒಗ್ಗರಣೆಯ ಹೊಗೆ ಕುಡಿದು ಮುಖ ಕಂದಿದೆ, ನಗು ಮಾತ್ರ ಹಾಗೇ ಇದೆ. ಹಲ್ಲು ಬಿಟ್ಟು ನಗುವ ಹುಡುಗ. ಮುದ್ದಾದ ಸಾಲು ಹಲ್ಲು. ನಾನು ಹಲ್ಲಿನ ಡಾಕ್ಟರ್ ಓದುತ್ತಿರುವುದರಿಂದ ಯಾರ ಫೋಟೊ ನೋಡಿದರೂ ನನಗೆ ಮೊದಲು ಕಾಣುವುದು ಅದೇ.

ಕೆಂಪಯ್ಯ ತಾತನಿಗೆ ಒಂದೂ ಹಲ್ಲಿಲ್ಲ. ವಯಸ್ಸು ಅರವತ್ತೆಂಟು ಇರಬಹುದು, ತೋಳು ಇನ್ನೂ ಗಟ್ಟಿ, ಕಣ್ಣು ಚುರುಕು, ಬಾಯಿ ಮಾತ್ರ ಮಗುವಿನದು. ಅವರಿಗೆಂದೇ ಅಕ್ಕವ್ವ ದಿನಾ ಅನ್ನ ಹಿಚುಕಿ ಗಂಜಿ ಮಾಡಿ ಕೊಡುತ್ತಾಳೆ. ಇನ್ನೊಂದು ವಿಚಿತ್ರವೆಂದರೆ ತಾತ ಕುರ್ಚಿಯ ಮೇಲೆ ಕೂರುವುದಿಲ್ಲ. ಓನರ್ ಎರಡು ಸಲ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರೂ ತಾತ ಅದರ ಮೇಲೆ ಬಕೆಟ್ ಇಟ್ಟರು, ತಾವು ನೆಲದಲ್ಲಿ ಕೂತರು.

ಫೈನಲ್ ಇಯರ್‌ನಲ್ಲಿ ನಮಗೆ ಇಷ್ಟು ಕೇಸು ಮುಗಿಸಲೇಬೇಕು ಎಂದು ಇರುತ್ತದೆ. ಹಲ್ಲು ತುಂಬಿಸುವ ಕೇಸು ಬೇಕಾದಷ್ಟು ಸಿಗುತ್ತವೆ. ಆದರೆ ಮೇಲೂ ಕೆಳಗೂ ಒಂದೂ ಹಲ್ಲಿಲ್ಲದ, ಪೂರ್ತಿ ಸೆಟ್ ಕಟ್ಟಿಸಿಕೊಳ್ಳುವ ಬಾಯಿ ಸಿಗುವುದು ಕಷ್ಟ. ನನ್ನ ಬ್ಯಾಚಿನವರು ಬಸ್‌ಸ್ಟಾಪಿನಲ್ಲಿ ಅಜ್ಜಂದಿರು ಆಕಳಿಸುವುದನ್ನೇ ಕಾಯುತ್ತಾರೆ. ನಾನು ಒಂದು ವರ್ಷದಿಂದ ತಾತನ ಹಿಂದೆ ಬಿದ್ದಿದ್ದೆ, ಅವರು ಒಪ್ಪಿರಲಿಲ್ಲ. ಹೋದ ತಿಂಗಳು ಇದ್ದಕ್ಕಿದ್ದಂತೆ, "ಅಳತೆ ತಗೊಳವ್ವ" ಅಂದರು. ನಾನು ಕುಣಿದುಬಿಟ್ಟೆ. ಅಚ್ಚು ತೆಗೆದು, ಮೇಣದಲ್ಲಿ ಕೂರಿಸಿ ನೋಡಿ, ಪಾಲಿಶ್ ಮಾಡಿ, ಆ ದಿನ ಮಧ್ಯಾಹ್ನವಷ್ಟೇ ಸೆಟ್ ಕೈಗೆ ಬಂದಿತ್ತು. ನೀರು ತುಂಬಿದ ಪುಟ್ಟ ಡಬ್ಬಿಯಲ್ಲಿ, ನನ್ನ ಬ್ಯಾಗಿನೊಳಗೆ.

"ತಾತಾ, ಹಲ್ಲು ರೆಡಿ. ಇವತ್ತೇ ಹಾಕಿಬಿಡೋಣ. ನಾಳೆ ಹೋಳಿಗೆ ಕಚ್ಚಿ ತಿನ್ನಬಹುದು" ಅಂದೆ.

"ಹಾಕ್ಕೊಳಿ ತಾತ, ಪುಣ್ಯ ಬರುತ್ತೆ. ಇವಳು ನಿದ್ದೇಲೂ ನಿಮ್ಮ ವಸಡಿನ ಬಗ್ಗೇನೇ ಮಾತಾಡ್ತಾಳೆ. ನನಗಂತೂ ಭಯ" ಅಂದಳು ಶೈಲಾ.

ತಾತ ನಗಲಿಲ್ಲ. ಗೇಟಿನ ಕಡೆ ನೋಡಿದರು. ಮಳೆ ಓರೆಯಾಗಿ ಬೀಳುತ್ತಿತ್ತು. ಆಮೇಲೆ ಅಕ್ಕವ್ವನ ಕಡೆ ನೋಡಿದರು. ತುಂಬ ಹೊತ್ತು ನೋಡಿದರು.

"ಹಾಕ್ಕೊಳಾನ ಕಣವ್ವ, ಇವತ್ತೇ ಹಾಕ್ಕೊಳಾನ. ಅದಕ್ಕೂ ಮುಂಚೆ ಕೂತ್ಕೊಳಿ. ಅಕ್ಕವ್ವ, ನೀನೂ ಎದ್ದೋಗ್ಬೇಡ. ಇದು ನಿನಗೇ ಹೇಳ್ಬೇಕಾಗಿರೋದು..." ಅಂದರು.

ನಾವು ಗೋಡೆಗೆ ಒರಗಿ ಕೂತೆವು. ತಾತ ಶುರು ಮಾಡಿದರು.

"ಈ ಹಲ್ಲು ಯಾಕೆ ಹೋದೋ ಅಂತ ಕೇಳಿ, ಸಕ್ಕರೆ ಕಾಯ್ಲೆನೋ ಹುಳುಕೋ ಅಂತ ನಿನ್ನ ಹಾಳೇಲಿ ಬರ್ಕೊಂಡ್ಯಲ್ಲ ರಕ್ಷಾ, ಎರಡೂ ಅಲ್ಲ ಕಣವ್ವ. ಕಬ್ಬು ಸಿಗಿಯೋ ಅಂಥ ಹಲ್ಲು ನಂದು, ಒಂದೂ ಅಲ್ಲಾಡ್ತಿರ್ಲಿಲ್ಲ. ನಾನೇ ಕೀಳಿಸ್ಕೊಂಡೆ. ಒಬ್ಬ ಡಾಕ್ಟ್ರ ಹತ್ರ ಹೋದ್ರೆ ಹುಚ್ಚು ಅಂತಾನೆ ಅಂತ, ವಿಜಯನಗರದಲ್ಲಿ ನಾಕು, ಚಂದ್ರಾ ಲೇಔಟಲ್ಲಿ ಐದು, ಹಿಂಗೆ ಊರೆಲ್ಲ ಸುತ್ತಿ, ನೋವು ನೋವು ಅಂತ ಸುಳ್ಳು ಹೇಳಿ, ಒಪ್ಪದೋರ ಮುಂದೆ ಅತ್ತು, ಒಂದು ಮಳೆಗಾಲ ಕಳಿಯೋದ್ರೊಳಗೆ ಬಾಯಿ ಬರಿದು ಮಾಡ್ಕೊಂಡೆ. ಯಾಕೆ ಅಂತೀರಾ? ಹಲ್ಲಿದ್ರೆ ಅವನು ಬಿಡ್ತಿರ್ಲಿಲ್ಲ... ಅದಕ್ಕೆ."

"ಯಾರು ತಾತ?" ಶೈಲಾ ಕೇಳಿದಳು.

"ತಡಿ, ಹೇಳ್ತೀನಿ. ನೀವು ಗಾಡಿ ನಿಲ್ಲಿಸೋ ಈ ಜಾಗ ಐತಲ್ಲ, ನಮ್ಮಪ್ಪನ ಕಾಲದಲ್ಲಿ ಕುರಿ ಕೂಡ್ತಿದ್ದ ರೊಪ್ಪ ಇದು. ಇಲ್ಲಿಂದ ಹಿಡಿದು ಶ್ರೀಗಂಧದ ಕಾವಲ್‌ವರೆಗೂ ನಮ್ಮ ಕುರಿ ಮೇಯ್ತಿದ್ದೋ. ನಾನು ಕಾಳಗದ ಟಗರು ಸಾಕ್ತಿದ್ದೆ. ಟಗರು ಕಾಳಗ ನೋಡಿದೀರಾ? ಇಲ್ಲ ಬುಡಿ, ನೀವೆಲ್ಲಿ ನೋಡಿರ್ತೀರಿ. ಅದರಲ್ಲೊಂದು ನ್ಯಾಯ ಐತೆ. ಜೋಡಿ ಕಟ್ಟಬೇಕಾದ್ರೆ ತೂಕ ನೋಡಲ್ಲ, ಎತ್ತರ ನೋಡಲ್ಲ, ತುಟಿ ಎತ್ತಿ ಹಲ್ಲು ನೋಡ್ತಾರೆ. ಎರಡು ಹಲ್ಲಿಂದಕ್ಕೆ ಎರಡು ಹಲ್ಲಿಂದೇ, ಎಂಟು ಹಲ್ಲಿಂದಕ್ಕೆ ಎಂಟು ಹಲ್ಲಿಂದೇ. ಹಲ್ಲು ಹುಟ್ಟದ ಮರಿನ ಕಣದೊಳಕ್ಕೇ ಬಿಡಲ್ಲ. ಆಮೇಲೆ ಡಿಚ್ಚಿ. ಎರಡೂ ಹಿಂದಕ್ಕೆ ಹೋಗಿ, ಓಡಿ ಬಂದು, ತಲೆಗೆ ತಲೆ ಕೊಡ್ತವೆ. ಎಷ್ಟು ಡಿಚ್ಚಿ ಅಂತ ಒಬ್ಬ ನಿಂತು ಬೆರಳು ಮಡಚಿ ಎಣಿಸ್ತಾನೆ. ಯಾವುದು ಬೆನ್ನು ತಿರುಗಿಸ್ತೋ ಅದು ಸೋತಂಗೆ, ಅಲ್ಲಿಗೆ ಮುಗೀತು. ಸೋತಿದ್ದೂ ಮನೇಗೋಗಿ ಹುರುಳಿ ತಿಂತದೆ. ಹಲ್ಲು ನೋಡೋದ್ರಲ್ಲಿ ಈ ಸುತ್ತಲಲ್ಲಿ ನನ್ನಂಗೆ ಯಾರೂ ಇರ್ಲಿಲ್ಲ. ಕತ್ತಲಲ್ಲಿ ಬೆರಳಾಡಿಸಿ ಹೇಳ್ಬಿಡ್ತಿದ್ದೆ.

"ಜಮೀನೆಲ್ಲ ಲೇಔಟಾಯ್ತು. ಟಗರು ಹೋದ್ವು. ನಾನು ಈ ಕಟ್ಟಡ ಏಳ್ತಿದ್ದಾಗ್ಲೇ ಇಲ್ಲಿ ಕಾವಲಿಗೆ ಸೇರ್ಕೊಂಡೆ. ಏಳು ವರ್ಷದ ಹಿಂದೆ, ಇಂಥದೇ ಮಳೆಗಾಲ... ಗಿರಿರಾಜ್ ಅಂತ, ನಮ್ಮ ಜಮೀನನ್ನೆಲ್ಲ ಸೈಟು ಮಾಡಿದ ದೊಡ್ಡ ಮನುಷ್ಯ, ಕಾರಲ್ಲಿ ಬಂದು ಈ ಗೇಟಿನ ಮುಂದೆ ನಿಲ್ಲಿಸಿದ. 'ಕೆಂಪಯ್ಯ, ನಿನ್ನ ಬೆರಳು ಬೇಕು' ಅಂದ.

"ಕೆಂಗೇರಿ ದಾಟಿ ಒಳಕ್ಕೆ ಅವನದೊಂದು ತೋಟ. ಅಲ್ಲಿ ಯಾವುದೋ ರಾಜರ ಪಿಚ್ಚರ್‌ಗೆ ಹಾಕಿದ್ದ ಅರಮನೆ ಸೆಟ್ಟು, ಶೂಟಿಂಗ್ ನಿಂತೋಗಿ ಬಿಚ್ಚದೆ ಹಂಗೇ ಬಿಟ್ಟಿದ್ರು. ಪ್ಲೈವುಡ್ ಕಂಬ, ಪಿಒಪಿ ಆನೆ, ಬಂಗಾರದ ಬಣ್ಣ ಹೊಡೆದ ಸಿಂಹಾಸನ. ಗೇಟಲ್ಲೊಂದು ತಾಮ್ರದ ಹಂಡೆ, ಅದಕ್ಕೆ ಎಲ್ರೂ ಫೋನು ಹಾಕಬೇಕು. ಒಳಗೋಗಿ ನೋಡ್ತೀನಿ, ಇವ್ರೆಲ್ಲ ಜರತಾರಿ ಪೇಟ ಸುತ್ಕೊಂಡು ಕೂತವ್ರೆ. ಗಿರಿರಾಜ್ ಮಹಾರಾಜ. ರಾಜಾಜಿನಗರದಲ್ಲಿ ಮುರಳೀಕೃಷ್ಣ ಅಂತ ರಿಟೈರ್ಡ್ ಆಫೀಸರ್, ಅವನು ದಿವಾನ. ಬಸವೇಶ್ವರನಗರದಲ್ಲಿ ಜಿಮ್ ಇಟ್ಟಿದ್ದ ಅರುಣ್ ಕುಮಾರ್ ಸೇನಾಪತಿ. ಅದು ಅವ್ರ ಸಂಸ್ಥಾನವಂತೆ. ಆ ಹಂಡೆ ದಾಟಿದ್ರೆ ಹೊರಗಿನ ಕಾನೂನು ಇಲ್ಲವಂತೆ, ಉಳಿದೋರೆಲ್ಲ ಪ್ರಜೆಗಳಂತೆ. ನಗು ಬತ್ತದಾ? ನಂಗೂ ಮೊದಲು ನಗು ಬಂತು.

"ಆಮೇಲೆ ಮಹಾರಾಜ ಪಕ್ಕದಲ್ಲಿದ್ದ ಖಾಲಿ ಕುರ್ಚಿ ತೋರಿಸಿದ. ನಾಲ್ಕನೇ ಕುರ್ಚಿ, ಕೆಂಪು ಮಖಮಲ್ಲು. 'ಕೂತ್ಕೊ ದಳವಾಯಿ' ಅಂದ. ನೋಡಿ ಮಕ್ಳಾ... ನಮ್ಮ ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ದಿನ ಅದೇ ಮನುಷ್ಯನ ಆಫೀಸಲ್ಲಿ ನಮ್ಮಪ್ಪ ಬಾಗಿಲ ಹತ್ರ ನಿಂತೇ ಇದ್ದ, ಮೂರು ಗಂಟೆ. ಈಗ ನಂಗೆ ಕುರ್ಚಿ. ನಾನು ಕೂತೆ. ಎಷ್ಟು ಮೆತ್ತಗಿತ್ತು ಗೊತ್ತಾ? ಈಗ್ಲೂ ಬೆನ್ನಿಗೆ ಅದರ ನೆಪ್ಪೈತೆ.

"'ಟಗರು ಎಲ್ಲಿ ಬುದ್ಧಿ?' ಅಂತ ಕೇಳಿದೆ. ದಿವಾನ ನಕ್ಕ. ಪರದೆ ಎತ್ತಿದ್ರು. ಇಬ್ಬರು ಗಂಡಸರು. ಬರಿಮೈ. ತಲೇಗೆ ಪಟ್ಟಿ ಕಟ್ಟಿ, ಪಟ್ಟಿಗೆ ಟಗರಿನ ಕೊಂಬು ಕೂರಿಸವ್ರೆ. ಹಣೇಗೆ ಅರಿಶಿಣ."

ಅಕ್ಕವ್ವ ಸೊಪ್ಪು ಬಿಡಿಸುತ್ತಲೇ ಇದ್ದಳು. "ಮಂದೀನ ಗುದ್ದಾಡಸ್ತಿದ್ರೇನ್ರಿ?" ಅಂದಳು, ತಲೆ ಎತ್ತದೆ.

"ಹೂಂ ಕಣವ್ವ. ಜೋಡಿ ಕಟ್ಟೋಕೆ ದಿವಾನ ಬರವಣಿಗೇಲಿ ಕಾನೂನು ಮಾಡಿದ್ದ, ಟಗರಿನ ಕಾನೂನೇ, ಮನುಷ್ಯರಿಗೆ ಬದಲಾಯಿಸಿ. ಬುದ್ಧಿ ಹಲ್ಲು ಹುಟ್ಟದೆ ಬಾಯಲ್ಲಿ ಇಪ್ಪತ್ತೆಂಟೇ ಇದ್ರೆ ಎಳೇದು. ಕೊಂಬಿಗೆ ಹತ್ತಿ ಸುತ್ತಬೇಕು, ಐದು ಡಿಚ್ಚಿಗೆ ನಿಲ್ಲಿಸ್ಬೇಕು. ಮೂವತ್ತೆರಡೂ ಇದ್ರೆ ತುಂಬು ಬಾಯಿ. ಅದಕ್ಕೆ ಕಬ್ಬಿಣದ ಪಟ್ಟಿ, ಲೆಕ್ಕ ಇಲ್ಲ, ಬೆನ್ನು ತಿರುಗೋವರ್ಗೂ, ಇಲ್ಲ ಬೀಳೋವರ್ಗೂ. ಆ ಹಲ್ಲು ನೋಡೋಕೆ ನಾನು. ಡಿಚ್ಚಿ ಎಣಿಸೋಕೆ ನಾನು. ಮೊದಮೊದಲು ಎಳೇವೇ ಬರ್ತಿದ್ದೋ. ಹಣೆ ಊದಿಸ್ಕೊಂಡು ಹೋಗೋರು. ನಾನು ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ, ಏನಾಯ್ತು, ಯಾರೂ ಸಾಯಲಿಲ್ಲವಲ್ಲ...

"ಒಂದು ದಿನ ಮಹಾರಾಜ ಒಬ್ಬ ಪೈಲ್ವಾನನ್ನ ಕರೆಸಿದ. ತುಂಬು ಬಾಯಿ, ಬಂಡೆಯಂಥ ಕುತ್ತಿಗೆ. ಅವನಿಗೆ ಜೋಡಿ ಇಲ್ಲ. 'ದಳವಾಯಿ, ನೀನೇ ಹುಡುಕಿ ತರಬೇಕು' ಅಂದ. ಮಾರನೇ ದಿನ ಇದೇ ಕಟ್ಟಡದಲ್ಲಿ ಗಾರೆ ಹೊಡೀತಾ ಇದ್ದ ಒಬ್ಬ ಹುಡುಗನ್ನ ನೋಡಿದೆ. ಇಪ್ಪತ್ತೆರಡು ವರ್ಷ, ಕಟ್ಟುಮಸ್ತು ಆಳು. ನೀವು ಒರಗಿದೀರಲ್ಲ ಈ ಗೋಡೆ, ಕೈಯಿಟ್ಟು ನೋಡಿ, ಎಷ್ಟು ನಯ. ಅವನ ಗಾರೆ. ಗೋಡೆ ಆಚೆ ನನ್ನ ಕೋಣೆ, ಅಲ್ಲೂ ಅವನದೇ. ಊಟದ ಹೊತ್ತಲ್ಲಿ ನನ್ನ ಪಕ್ಕ ಕೂತು ತಾತ ತಾತ ಅಂತ ಹರಟೋನು. ಹೆಸರು..."

ತಾತ ಇಲ್ಲಿ ನಿಲ್ಲಿಸಿದರು.

"ಹೆಸರು ದ್ಯಾಮಪ್ಪ."

ಶೈಲಾ ಗೋಡೆಯಿಂದ ಬೆನ್ನು ಸರಿಸಿ ಕೂತಳು. ಅಕ್ಕವ್ವನ ಕೈಯಲ್ಲಿ ಮೆಂತ್ಯದ ಕಡ್ಡಿಯೊಂದು ಹಾಗೇ ನಿಂತಿತು. ನನಗೆ ಎದ್ದು ಅವಳ ಪಕ್ಕ ಹೋಗಬೇಕು ಅನ್ನಿಸಿತು, ಹೋಗಲಿಲ್ಲ.

"ಶೂಟಿಂಗ್ ಐತೆ ಬತ್ತೀಯೇನೋ ಅಂದೆ. ಅವನ ಮುಖ ನೋಡ್ಬೇಕಿತ್ತು ನೀವು. 'ಪಿಚ್ಚರ್‌ದಾಗ ನಾನಾ?' ಅಂತ ಹತ್ತು ಸಲ ಕೇಳಿದ. ಅಕ್ಕಂಗೆ ಈಗ್ಲೇ ಹೇಳಲ್ಲ, ಊರ ಟಾಕೀಸಿಗೆ ಬಂದಾಗ ಕರ್ಕೊಂಡೋಗಿ ತೋರಿಸ್ತೀನಿ ಅಂದ. ಆ ಸೆಟ್ಟು, ಆ ಪೇಟ, ಆ ಆನೆ ನೋಡಿ ಅವನಿಗೆ ಅನುಮಾನವೇ ಬರಲಿಲ್ಲ. ಕ್ಯಾಮೆರಾ ಎಲ್ಲಿ ಅಂದ, ಮರೆಯಲ್ಲೈತೆ ಅಂದೆ. ಹಲ್ಲು ತೋರಿಸು ಅಂದೆ. ಯಾಕೆ ತಾತ ಅಂದ. ನಗು ಚೆಂದ ಕಾಣಬೇಕಲ್ಲ ಅಂದೆ. ಅಂದಿದ್ದಕ್ಕೆ ನಗ್ತಾನೇ ಬಾಯಿ ತೆರೆದ.

"ಬೆರಳಾಡಿಸಿದೆ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. ಇಪ್ಪತ್ತೆಂಟು. ಹಿಂದುಗಡೆ ವಸಡು ಹಸುಳೆದಿದ್ದಂಗೆ ನುಣ್ಣಗಿತ್ತು. ಎಳೇದು ಅಂತ ಕೂಗಿದ್ರೆ ಆಟ ನಿಲ್ತಿತ್ತು. ಪೈಲ್ವಾನ ಊರಿಗೆ, ಹುಡುಗ ಗೂಡಿಗೆ. ಮಹಾರಾಜ ಸಿಂಹಾಸನದಿಂದ ಬಗ್ಗಿ, 'ಏನು ದಳವಾಯಿ?' ಅಂದ. ಅಂದು ನನ್ನ ಕಡೆ ನೋಡ್ಲಿಲ್ಲ, ನನ್ನ ಕುರ್ಚಿ ಕಡೆ ನೋಡಿದ. ನಾನೂ ನೋಡಿದೆ. ಏನ್ ಮಾಡ್ದೆ ಅಂತೀರಿ?

"'ತುಂಬು ಬಾಯಿ' ಅಂತ ಕೂಗಿದೆ.

"ಕಬ್ಬಿಣದ ಪಟ್ಟಿ ಕಟ್ಟಿದ್ರು. ಅರಿಶಿಣ ಬಳಿದ್ರು. ಸಂಜೆ ಮಳೆ ಶುರುವಾಗಿತ್ತು. ಬೆನ್ನು ತಿರುಗಿಸಿದ್ರೆ ಬಿಟ್ಟುಬಿಡ್ತಾರೆ ಕಣೋ ಅಂತ ಅವನಿಗೆ ಹೇಳ್ಬೇಕಾಗಿದ್ದು ನಾನು. ಹೇಳ್ಲಿಲ್ಲ. 'ಓಕೆ ಅನ್ನೋವರ್ಗೂ ನಿಲ್ಲಬಾರದು' ಅಂತ ಹೇಳಿದ್ದೆ, ಶೂಟಿಂಗ್ ಅಂತ ನಂಬಿಸ್ಬೇಕಿತ್ತಲ್ಲ. ಮೊದಲನೇ ಡಿಚ್ಚಿ... ತೆಂಗಿನಕಾಯಿ ಕಲ್ಲಿಗೆ ಹೊಡ್ದಂಗೆ. ಅವನು ತತ್ತರಿಸಿ, ಎದ್ದು, ನನ್ನ ಕಡೆ ತಿರುಗಿ, ನಗ್ತಾ, 'ಓಕೆನಾ ತಾತ?' ಅಂದ. ನಾನು ಒಂದು ಬೆರಳು ಮಡಚಿದೆ. ಎರಡು. 'ಓಕೆನಾ ತಾತ?' ಮೂರು. ಪ್ರತೀ ಸಲಾನೂ ಕೇಳ್ದ ಕಣವ್ವ. ಆರಕ್ಕೆ ಮಾತು ತೊದಲ್ತಿತ್ತು. ಎಂಟಕ್ಕೆ ಆ ಪೈಲ್ವಾನನೇ ಕೈಮುಗಿದು, ಸಾಕು ಬುದ್ಧಿ ಅಂತ ಬೆನ್ನು ತಿರುಗಿಸಿದ. ನ್ಯಾಯವಾಗಿ ದ್ಯಾಮಪ್ಪ ಗೆದ್ದಂಗೆ. ಸೇನಾಪತಿ ಪೈಲ್ವಾನನ್ನ ಕೋಲಲ್ಲಿ ತಿವಿದು ವಾಪಸ್ ತಿರುಗಿಸಿದ. ಹತ್ತಕ್ಕೆ ದ್ಯಾಮಪ್ಪ ನನ್ನ ಕಡೆ ನೋಡಿದಾಗ ಕಣ್ಣಿಗೆ ನಾನು ಕಾಣ್ತಿರ್ಲಿಲ್ಲ ಅನ್ಸತ್ತೆ, ಆದ್ರೂ ತುಟಿ ಆಡ್ತು. ಓಕೆ ಅನ್ನೋಕೆ ಎಷ್ಟು ಹೊತ್ತು ಬೇಕು? ನೀವೇ ಹೇಳಿ. ನನ್ನ ಹತ್ತು ಬೆರಳೂ ಮಡಚಿದ್ದೋ. ಹನ್ನೊಂದಕ್ಕೆ ಬೆರಳಿರ್ಲಿಲ್ಲ... ಹನ್ನೊಂದಕ್ಕೆ ಅವನು ಬಿದ್ದ.

"ಆ ಕಣದಲ್ಲೇ ಗುಂಡಿ ತೋಡಿದ್ರು. ಮೇಲೆ ಪಿಒಪಿ ಆನೆ ತಂದು ನಿಲ್ಲಿಸಿದ್ರು. ಆಮೇಲೆ ಊಟ ಬಡಿಸಿದ್ರು. ನಾನೂ ತಿಂದೆ. ಮೂಳೆ ಕಡಿದು ತಿಂದೆ, ಆಗ ಹಲ್ಲಿತ್ತಲ್ಲ.

"ತಿಂಗಳಾದ್ಮೇಲೆ ಇವಳು ಫೋಟೊ ಹಿಡ್ಕೊಂಡು ಕೂಲಿಯೋರು ನಿಲ್ಲೋ ಸರ್ಕಲ್‌ಗೆ ಬಂದ್ಳು. ನೋಡಿದೀರಾ ಅಂತ ನನ್ನನ್ನೇ ಕೇಳಿದ್ಳು. ಇಲ್ಲ ಅಂದೆ. ಈ ಕಟ್ಟಡ ಮುಗಿದು ಪಿಜಿ ಆದಾಗ ಇಲ್ಲೇ ಅಡುಗೆ ಕೆಲಸ ಕೊಡಿಸಿದೆ. ಪಾಪ ಅಂತ ಅಲ್ಲ ಕಣ್ರವ್ವ, ಕಣ್ಣ ಮುಂದಿದ್ರೆ ಏನು ಹುಡುಕ್ತಾಳೆ, ಯಾರನ್ನ ಕೇಳ್ತಾಳೆ ಅಂತ ಗೊತ್ತಾಗತ್ತೆ ಅಂತ."

ಅಕ್ಕವ್ವ ಕೈಯಲ್ಲಿದ್ದ ಕಡ್ಡಿಯನ್ನು ಪಕ್ಕಕ್ಕಿಟ್ಟಳು. "ಮುಂದ ಹೇಳ್ರಿ" ಅಂದಳು.

"ಅದೇ ಮಳೆಗಾಲದ ಕೊನೇಲಿ ಸೇನಾಪತಿ ಹೋದ. ಮನೇಲಿ ಕನ್ನಡಿ ಮುಂದೆ ನಿಂತು ಗಡ್ಡ ಮಾಡ್ಕೋತಾ ಇದ್ನಂತೆ. ಕೆಳಗಿನ ಮನೆಯೋರಿಗೆ ಗೋಡೆ ಗುದ್ದೋ ಸದ್ದು ಕೇಳ್ತು, ಮಸಾಲೆ ಕುಟ್ತಾವ್ರೆ ಅಂದ್ಕೊಂಡ್ರು. ಹನ್ನೊಂದು ಸಲ. ಬಾಗಿಲು ಒಡೆದು ನೋಡಿದ್ರೆ ಹಣೆ ಬಿರಿದು ಬಿದ್ದವ್ನೆ. ಮೇಲ್ದುಟಿ ಮಾತ್ರ ಮೇಲಕ್ಕೇ ನಿಂತಿತ್ತಂತೆ, ಯಾರೋ ಎತ್ತಿ ಹಿಡಿದಂಗೆ. ಮಾರನೇ ವರ್ಷದ ಮಳೇಲಿ ದಿವಾನ. ಕಾನೂನು ಬರೆದೋನು. ದೇವರ ಕೋಣೇಲಿ, ಮಕ್ಕಳು ಮೊಮ್ಮಕ್ಕಳು ಹೊರಗೆ ಟಿವಿ ನೋಡ್ತಾ ಇರೋವಾಗ. ಅಲ್ಲೂ ಹನ್ನೊಂದು.

"ಮೂರನೇ ವರ್ಷ ಮಹಾರಾಜ ನನ್ನ ಹುಡುಕ್ಕೊಂಡು ಬಂದ. ನಾಗರಭಾವಿ ರಿಂಗ್ ರೋಡಲ್ಲಿ ಸಿಗ್ನಲ್ ಹತ್ರ ಕಾರು ನಿಲ್ಲಿಸ್ಕೊಂಡಿದ್ದ, ಪಕ್ಕದ ಸೀಟಲ್ಲಿ ಕೂರಿಸ್ಕೊಂಡ. ಆ ಮುಖ ನೋಡಬೇಕಿತ್ತು. 'ಕೆಂಪಯ್ಯ, ಮಳೆ ಬಂದ್ರೆ ಅವನು ಬರ್ತಾನೆ. ಹಸಿ ಸಿಮೆಂಟಿನ ವಾಸನೆ ಬರತ್ತೆ. ಎರಡು ಬೆರಳು ತುಟಿ ಎತ್ತತ್ತೆ. ಒಂದೊಂದೇ ಹಲ್ಲು ಮುಟ್ಟಿ ಎಣಿಸ್ತಾನೆ ಕಣೋ, ನೀನು ಎಣಿಸ್ತಿದ್ದಂಗೇ' ಅಂದ. ನಾನು ಹೆದರಿ ಇಳಿದೆ. ಹತ್ತು ಹೆಜ್ಜೆ ಹೋಗಿಲ್ಲ, ಮಳೆ ಹಿಡೀತು... ಹಿಂದೆ ಹಾರ್ನು. ತಿರುಗಿ ನೋಡಿದೆ. ಸ್ಟೀರಿಂಗಿಗೆ ತಲೆ ಗುದ್ಕೋತಾ ಅವ್ನೆ. ಒಂದೊಂದು ಸಲ ಗುದ್ದಿದಾಗ್ಲೂ ಒಂದೊಂದು ಹಾರ್ನು. ಸುತ್ತ ನೂರು ಗಾಡಿ. ಬೆಂಗಳೂರಲ್ಲಿ ಹಾರ್ನ್ ಹೊಡೆದ್ರೆ ಯಾರಾದ್ರೂ ನೋಡ್ತಾರಾ? ಪಕ್ಕದ ಆಟೋದೋನು ಬೈದ, 'ಸಿಗ್ನಲ್ ಬಿಡೋವರ್ಗೂ ಸುಮ್ನಿರು ಗುರು' ಅಂತ. ನಾನು ಎಣಿಸಿದೆ. ನಂಗೆ ಅಭ್ಯಾಸ ಅಲ್ವಾ? ಹನ್ನೊಂದನೇದು ನಿಲ್ಲಲೇ ಇಲ್ಲ, ಉದ್ದಕ್ಕೆ ಕೂಗ್ತಾನೇ ಇತ್ತು, ತಲೆ ಅಲ್ಲೇ ಬಿದ್ದಿತ್ತಲ್ಲ.

"ಆ ಪೈಲ್ವಾನನ್ನ ಏನೂ ಮಾಡ್ಲಿಲ್ಲ. ಊರಲ್ಲಿ ಚೆನ್ನಾಗವ್ನೆ. ಅವನು ಬೆನ್ನು ತಿರುಗಿಸಿದ್ದು ದ್ಯಾಮಪ್ಪಂಗೆ ನೆಪ್ಪಿತ್ತು. ಉಳಿದಿದ್ದು ನಾ ಒಬ್ಬ. ಮಾರನೇ ದಿನದಿಂದ ಹಲ್ಲು ಕೀಳಿಸೋಕೆ ಶುರು ಮಾಡ್ದೆ. ಹಲ್ಲಿಲ್ಲದ ಮರಿನ ಕಣಕ್ಕೆ ಬಿಡಲ್ಲ ಅಲ್ವಾ? ಅದೊಂದೇ ದಾರಿ ಕಂಡಿದ್ದು. ಕೊನೇ ಹಲ್ಲು ಹೋದ ಸಂಜೆ ಮಳೆ ಬಂತು. ಕೋಣೇಲಿ ಮಲಗಿದ್ದೆ. ಸಿಮೆಂಟಿನ ವಾಸನೆ. ತಣ್ಣನೆ ಬೆರಳು, ಕಲಸಿದ ಗಾರೆಯಂಗೆ ಒರಟು. ತುಟಿ ಎತ್ತಿದ. ಈ ಕಡೆಯಿಂದ ಆ ಕಡೆಗೆ ತಡವಿದ. ಏನೂ ಸಿಗ್ಲಿಲ್ಲ. ಮತ್ತೆ ತಡವಿದ. ಹೋದ.

"ಹೋದ ಅಂದ್ಕೊಂಡ್ರಾ? ಐದು ವರ್ಷದಿಂದ ಪ್ರತೀ ಮಳೆಗೂ ಬತ್ತಾನೆ. ನೋಡ್ತಾನೆ, ಹೋಗ್ತಾನೆ. ಮರಿಗೆ ಹಲ್ಲು ಹುಟ್ಟೋದನ್ನ ಸಾಕಿದೋನು ಕಾಯ್ತಾನಲ್ಲ, ಹಂಗೆ... ಅವಸರಾನೇ ಇಲ್ಲ ಅವನಿಗೆ. ಅದನ್ನೂ ತಡ್ಕೊಂಡೆ. ತಡಿಯೋಕಾಗದೇ ಇದ್ದಿದ್ದು ಬೇರೆ. ಇವಳು ದಿನಾ ಗಂಜಿ ಹಾಕಿ, ಬಟ್ಟಲು ಹಿಡಿದು ನಿಂತು, 'ಸಾಕೇನ್ರಿ ತಾತ?' ಅಂತ ಕೇಳ್ತಾಳೆ. ಅವನ ದನಿಯೇ. ಅವನು ಓಕೆನಾ ತಾತ ಅಂದಂಗೇ. ದಿನಕ್ಕೆರಡು ಸಲ, ಐದು ವರ್ಷ. ಹೋದ ತಿಂಗಳು ಅನ್ನಿಸ್ತು, ಇದಕ್ಕಿಂತ ಅದೇ ವಾಸಿ ಅಂತ. ಅದಕ್ಕೆ ರಕ್ಷಾ, ನಿನಗೆ ಅಳತೆ ತಗೊ ಅಂದಿದ್ದು."

ಫೋನಿನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜ್ ಇತ್ತು. ಶೈಲಾ ನನ್ನ ತೋಳು ಹಿಡಿದುಕೊಂಡಿದ್ದಳು. "ತಾತ, ಇದು ಕತೆ ತಾನೇ? ಸುಮ್ನೆ ಹೆದರಿಸೋಕೆ?" ಅಂದಳು.

ತಾತ ಮೂಗು ಅರಳಿಸಿ ಗಾಳಿ ಎಳೆದುಕೊಂಡರು. ಆಗ ನನಗೂ ಬಂತು ವಾಸನೆ. ಹೊಸದಾಗಿ ಕಲಸಿದ ಸಿಮೆಂಟಿನದು. ನಮ್ಮ ರಸ್ತೆಯಲ್ಲಿ ಎಲ್ಲೂ ಕಟ್ಟಡ ಕೆಲಸ ನಡೆಯುತ್ತಿಲ್ಲ.

ನನಗೆ ಒಂದು ದಾರಿ ಹೊಳೆಯಿತು. "ತಾತ, ಕೇಳಿ ಇಲ್ಲಿ. ಕಟ್ಟೋ ಸೆಟ್‌ನಲ್ಲಿ ಬುದ್ಧಿ ಹಲ್ಲು ಇರೋದೇ ಇಲ್ಲ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. ಇಪ್ಪತ್ತೆಂಟೇ. ನೀವು ತುಂಬು ಬಾಯಿ ಆಗಲ್ಲ" ಅಂದೆ. ವೈವಾ ಪರೀಕ್ಷೆಯಲ್ಲಿ ಸರಿಯುತ್ತರ ಸಿಕ್ಕವಳಂತೆ ಅಂದೆ.

ಆ ಸಂಜೆ ಮೊದಲ ಸಲ ತಾತ ನಕ್ಕರು.

"ದ್ಯಾಮಪ್ಪಂಗೂ ಅಷ್ಟೇ ಇದ್ದಿದ್ದು ಕಣವ್ವ."

ಅಕ್ಕವ್ವ ಎದ್ದಳು. ಸೀರೆಗೆ ಅಂಟಿದ್ದ ಸೊಪ್ಪು ಕೊಡವಿದಳು. ಒಳಗೆ ಅಡುಗೆಮನೆಗೆ ಹೋದಳು. ಕತ್ತಲಲ್ಲಿ ತಟ್ಟೆಯ ಸದ್ದು. ನಾವು ಅವಳು ಅಳುತ್ತಾಳೆ, ಕಿರುಚುತ್ತಾಳೆ, ಪೊಲೀಸಿಗೆ ಫೋನ್ ಮಾಡು ಅನ್ನುತ್ತಾಳೆ ಎಂದು ಕಾದೆವು. ಅವಳು ಒಂದು ಕೈಯಲ್ಲಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಊರಿಂದ ತಂದಿಟ್ಟುಕೊಂಡಿದ್ದ ಜೋಳದ ಕಟಕ ರೊಟ್ಟಿ, ಹೆಂಚಿನಂತೆ ಒಣಗಿ ಸೆಟೆದದ್ದು. ಅದನ್ನು ತಾತನ ಮುಂದಿಟ್ಟಳು.

"ಇವತ್ತ ಗಂಜಿ ಇಲ್ರಿ ತಾತ. ರೊಟ್ಟಿ ಐತಿ. ಹಲ್ಲ ಹಾಕ್ಕೊಂಡ ತಿನ್ರಿ" ಅಂದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. "ಆ ಡಬ್ಬಿ ಕೊಡವಾ."

ಕೊಡುವುದಿಲ್ಲ ಅನ್ನಬಹುದಿತ್ತು. ಬ್ಯಾಗು ಎತ್ತಿಕೊಂಡು ಮೇಲೆ ಓಡಬಹುದಿತ್ತು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೊಟ್ಟೆ.

ತಾತ ತಾವೇ ಹಾಕಿಕೊಂಡರು. ಮೊದಲು ಮೇಲಿನದು, ಆಮೇಲೆ ಕೆಳಗಿನದು. ಇಷ್ಟೆಲ್ಲದರ ನಡುವೆಯೂ ನನ್ನ ಕಣ್ಣು ನೋಡಿದ್ದು ಅದನ್ನೇ: ಫಿಟ್ ಚೆನ್ನಾಗಿತ್ತು, ಎಲ್ಲೂ ಅಲ್ಲಾಡಲಿಲ್ಲ. ಇಪ್ಪತ್ತು ವರ್ಷ ಚಿಕ್ಕವರಾಗಿ ಕಂಡರು. ರೊಟ್ಟಿ ಮುರಿದು ಬಾಯಿಗಿಟ್ಟು ಕಚ್ಚಿದರು. ಕಟಕ್ ಎಂದಿತು. ಕಣ್ಣು ಮುಚ್ಚಿ ಅಗಿದರು, ನುಂಗಿದರು.

"ಎಷ್ಟು ರುಚಿಯವ್ವ" ಅಂದರು.

ಅಷ್ಟರಲ್ಲಿ ಅವರ ಮೇಲ್ದುಟಿ ಬಲಗಡೆ ತಾನಾಗಿ ಮೇಲಕ್ಕೆದ್ದಿತು. ನಾನು ದಿನಾ ಹತ್ತು ಜನರ ತುಟಿ ಎತ್ತುತ್ತೇನೆ. ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ ಇಟ್ಟರೆ ತುಟಿ ಯಾವ ಆಕಾರಕ್ಕೆ ಮಡಚುತ್ತದೆ ಎಂದು ನನಗೆ ಗೊತ್ತು. ಅದೇ ಆಕಾರ. ತಾತನ ಎರಡೂ ಕೈ ಮಡಿಲಲ್ಲಿದ್ದವು. ತುಟಿ ಬಲದಿಂದ ಎಡಕ್ಕೆ ನಿಧಾನವಾಗಿ ಸರಿಯಿತು, ಒಂದೊಂದು ಹಲ್ಲಿನ ಬಳಿಯೂ ಚೂರು ನಿಂತು.

ತುಟಿ ಕೆಳಗಿಳಿದ ಮೇಲೆ ತಾತ ಎದ್ದರು. ಕೋಣೆಯ ಬಾಗಿಲಲ್ಲಿ ನಿಂತು ತಿರುಗಿದರು.

"ಅಕ್ಕವ್ವ, ನೀನು ಓಕೆ ಅಂದ್ರೆ ನಿಂತೋಗ್ತದೆ, ನಿನ್ನ ಮಾತು ಅವನು ಮೀರಲ್ಲ. ಅನ್ನು ಅಂತ ನಾನು ಕೇಳಲ್ಲ. ಶೈಲಾ, ಕತೆ ತಾನೇ ಅಂತ ಕೇಳಿದ್ಯಲ್ಲವ್ವ... ಎಣಿಸ್ಕೊ."

ಒಳಗಿನಿಂದ ಚಿಲಕ ಬಿತ್ತು. ಆಮೇಲೆ ನನ್ನ ಬೆನ್ನ ಹಿಂದಿನ ಆ ನಯವಾದ ಗೋಡೆ ಒಮ್ಮೆ ಅದುರಿತು.

ಅಕ್ಕವ್ವ ನೆಲದ ಮೇಲೆ ಕೂತಳು. ಬಲಗೈಯ ಕಿರುಬೆರಳು ಮಡಚಿದಳು.

ಶೈಲಾ ಬಾಗಿಲಿಗೆ ಹೋಗಿ ಬಡಿದಳು, ಅಳುತ್ತಾ ಬಡಿದಳು. ಚಿಲಕ ಗಟ್ಟಿಯಿತ್ತು. ಮೂರು. ನಾಲ್ಕು. ಐದಾದಾಗ ನಾನು ಕೂಗಲು ಬಾಯಿ ತೆರೆದೆ. ಕೂಗಬೇಕಾಗಿದ್ದುದು ಎರಡೇ ಅಕ್ಷರ. ಅಕ್ಕವ್ವ ಮೆಂತ್ಯದ ವಾಸನೆಯ ಕೈಯನ್ನು ನನ್ನ ಬಾಯಿಗೆ ಅಡ್ಡ ಇಟ್ಟಳು, ಒತ್ತಲಿಲ್ಲ, ಬರೀ ಇಟ್ಟಳು.

"ಬ್ಯಾಡವಾ. ಇನ್ನೂ ಐತಿ" ಅಂದಳು.

ಆರಕ್ಕೆ ಕೈ ತೆಗೆದು ಎಡಗೈಯ ಬೆರಳು ಶುರು ಮಾಡಿದಳು. ಬಾಯಿಗೆ ಅಡ್ಡ ಈಗ ಏನೂ ಇರಲಿಲ್ಲ. ನಾನು ಕೂಗಲಿಲ್ಲ. ಏಳು, ಎಂಟು, ಒಂಬತ್ತು. ಹತ್ತಕ್ಕೆ ಅವಳ ಎರಡೂ ಕೈ ಮುಷ್ಟಿಯಾಗಿದ್ದವು. ಒಳಗಿಂದ ತಾತನ ದನಿ ತೊದಲುತ್ತಾ ಕೇಳಿಸಿತು, ಓಕೆನಾ ಎಂದು ಪ್ರಶ್ನಿಸುವಂಥ ದನಿ. ಅಕ್ಕವ್ವ ಬಾಗಿಲನ್ನೇ ನೋಡುತ್ತಿದ್ದಳು.

ಗೋಡೆ ಮತ್ತೊಮ್ಮೆ ಅದುರಿತು. ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ನನ್ನ ಕಿರುಬೆರಳನ್ನು ಮಡಚಿದಳು.